ಒಂದೇ ಮನೆಯ ಎರಡು ಪುಸ್ತಕ

ಆತ್ಮಕಥೆಯೊಂದನ್ನು ಓದಿ ಮುಗಿಸಿದ ಕೂಡಲೇ, ಅದೇ ಮನೆಯಿಂದ ಬಂದ ಇನ್ನೊಂದು ಪುಸ್ತಕ ಎಲ್ಲಾದರೂ ಇದೆಯೇ ಎಂದು ಹುಡುಕುವುದು ಈಚೆಗೆ ನನಗೆ ಅಂಟಿಕೊಂಡ ಹವ್ಯಾಸ. ಅದನ್ನು ಹೆಂಡತಿ ಬರೆದಿರಬಹುದು, ಮಗ ಬರೆದಿರಬಹುದು. ಲೇಖಕರೇ ಹಿಂದೆ ಯಾವಾಗಲೋ ಬರೆದ ಕಾದಂಬರಿಯೂ ಆಗಿರಬಹುದು. ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದುತ್ತೇನೆ. ಹೀಗೆ ಓದುತ್ತ ಓದುತ್ತ ನನ್ನಲ್ಲಿ ಒಂದು ಮಾತು ಗಟ್ಟಿಯಾಗಿದೆ: ಒಬ್ಬರೇ ಹೇಳಿದ ಮನೆಯ ಕಥೆ ಎಷ್ಟು ಪ್ರಾಮಾಣಿಕವಾಗಿದ್ದರೂ ಅರ್ಧವೇ.

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ‘ಗೃಹಭಂಗ’ವನ್ನೂ ‘ಭಿತ್ತಿ’ಯನ್ನೂ ಒಟ್ಟಿಗೆ ಕೈಗೆತ್ತಿಕೊಂಡೆ. ಮೊದಲನೆಯದು 1970ರ ಕಾದಂಬರಿ, ಎರಡನೆಯದು 1996ರ ಆತ್ಮಕಥೆ. ಎರಡರ ಬೇರೂ ಒಂದೇ ನೆಲದಲ್ಲಿದೆ: ಹಳೇ ಮೈಸೂರು ಸೀಮೆಯ ಹಳ್ಳಿ, ಹೊಣೆಯರಿಯದ ಅಪ್ಪ, ಸಂಸಾರವನ್ನು ಎಳೆದ ಅಮ್ಮ, ಮನೆಗೆ ಮನೆಯನ್ನೇ ಬರಿದು ಮಾಡಿದ ಪ್ಲೇಗು. ಭೈರಪ್ಪನವರು ತಾಯಿಯನ್ನೂ ಒಡಹುಟ್ಟಿದವರನ್ನೂ ಆ ರೋಗಕ್ಕೆ ಕಳೆದುಕೊಂಡವರು. ಎಳೆಯ ವಯಸ್ಸಿನಲ್ಲೇ ತಮ್ಮನ ಹೆಣವನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದವರು.

ಇಷ್ಟಾದರೂ ಆ ತಾಯಿ ನನಗೆ ಪೂರ್ತಿಯಾಗಿ ಕಂಡದ್ದು ಆತ್ಮಕಥೆಯಲ್ಲಲ್ಲ, ಕಾದಂಬರಿಯಲ್ಲಿ. ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ಲೆಕ್ಕ ಬರೆಯುವವಳು ನಂಜಮ್ಮ. ಅತ್ತೆ ಗಂಗಮ್ಮನ ಬಯ್ಗುಳವನ್ನು ನುಂಗಿಕೊಂಡು, ಮುತ್ತುಗದ ಎಲೆ ಹಚ್ಚಿ, ಮಕ್ಕಳ ಹೊಟ್ಟೆಗೆ ಏನಾದರೂ ಹೊಂದಿಸುವವಳೂ ಅವಳೇ. ‘ಭಿತ್ತಿ’ಯಲ್ಲಿ ತಾಯಿ ಬೇಗ ತೀರಿಕೊಳ್ಳುತ್ತಾರೆ, ‘ನಾನು’ ಮುಂದೆ ನಡೆಯಲೇಬೇಕು. ಮಗ ಆಗ ಎಷ್ಟು ಎತ್ತರವಿದ್ದನೋ ಅಷ್ಟೇ ಎತ್ತರದಿಂದ ಅಲ್ಲಿ ತಾಯಿ ಕಾಣುತ್ತಾರೆ. ಕಾದಂಬರಿಯಲ್ಲಾದರೋ ಹುಡುಗ ವಿಶ್ವ ಚಿಕ್ಕವನಾಗಿಯೇ ಉಳಿದು, ಪುಸ್ತಕದ ಉದ್ದಗಲವೆಲ್ಲ ತಾಯಿಗೆ ಸಲ್ಲುತ್ತದೆ. ಮಗನಾಗಿ ನೋಡಲಾಗದ್ದನ್ನು ಕಾದಂಬರಿಕಾರನಾಗಿ ನೋಡಿ, ಭೈರಪ್ಪನವರು ತಾಯಿಯ ಋಣಕ್ಕೆ ಸಮನಾದದ್ದನ್ನು ಬರೆದರು ಎಂದೇ ನಾನು ನಂಬಿದ್ದೇನೆ.

‘ಭಿತ್ತಿ’ಗೆ ಅದರದೇ ಬಲವಿದೆ. ‘ಗೃಹಭಂಗ’ದ ಕೊನೆಯಲ್ಲಿ ಊರು ಬಿಟ್ಟ ಹುಡುಗ ಮುಂದೇನಾದ ಎಂಬ ಸಂಕಟಕ್ಕೆ ಅಲ್ಲಿ ಉತ್ತರವಿದೆ. ವಾರಾನ್ನ, ಮುಂಬೈಯ ರೈಲು ನಿಲ್ದಾಣದ ಕೂಲಿ, ಸಾಧುಗಳ ಜೊತೆಗಿನ ಅಲೆದಾಟ, ಕೊನೆಗೆ ತತ್ತ್ವಶಾಸ್ತ್ರದ ಓದು. ಸಾಹಿತ್ಯ ವಲಯದ ವಾಗ್ವಾದಗಳ ಪುಟಗಳು ನನಗೆ ಭಾರವೆನಿಸಿದವು. ಹಸಿವಿನ ಪುಟಗಳು ಹಾಗಲ್ಲ. ಬಡತನದ ಬಗ್ಗೆ ಕಣ್ಣೀರು ಬೇಡದೆ ಬರೆಯುವುದು ಹೇಗೆಂದು ತಿಳಿಯಬೇಕಾದವರು ಅವನ್ನು ಓದಬೇಕು.

ಎರಡನೆಯ ಜೋಡಿ ಪಿ. ಲಂಕೇಶರ ಆತ್ಮಕಥೆ ‘ಹುಳಿಮಾವಿನ ಮರ’ ಮತ್ತು ಅವರ ಪತ್ನಿ ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’. ಲಂಕೇಶರ ಗದ್ಯ ಕನ್ನಡದ ದೊಡ್ಡ ಸಂಪತ್ತು. ಕೊನಗವಳ್ಳಿಯ ಬಾಲ್ಯ, ಮೇಷ್ಟರ ಕೆಲಸ, ನಾಟಕ, ಸಿನಿಮಾ, 1980ರಲ್ಲಿ ಶುರುವಾದ ಪತ್ರಿಕೆ. ಎಲ್ಲಿಯೂ ಒಂದು ಸಡಿಲ ವಾಕ್ಯವಿಲ್ಲ. ಒಬ್ಬ ಮನುಷ್ಯನನ್ನು ನಾಲ್ಕು ಗೆರೆಗಳಲ್ಲಿ ನಿಲ್ಲಿಸಿಬಿಡುತ್ತಾರೆ. ಆದರೆ ಮನೆಯ ವಿಷಯ ಬಂದಾಗ ಆ ಕೈ ಅಲ್ಲಿ ನಿಲ್ಲದೆ ಮುಂದಕ್ಕೆ ಸರಿಯುತ್ತದೆ. ಜಾಹೀರಾತಿಲ್ಲದೆ ಪತ್ರಿಕೆ ನಡೆಸುವ ಹಟಕ್ಕೆ ಬಿದ್ದವನ ಮನೆಯಲ್ಲಿ ಒಲೆ ಉರಿಸಿದವರು ಯಾರು, ಮಕ್ಕಳನ್ನು ನೋಡಿಕೊಂಡವರು ಯಾರು?

ಇಂದಿರಾ ಅವರ ಪುಸ್ತಕ ಅದನ್ನು ಹೇಳುತ್ತದೆ. ಸೀರೆ ವ್ಯಾಪಾರಕ್ಕೆ ಇಳಿದು ತಮ್ಮ ಕಾಲ ಮೇಲೆ ನಿಂತ ಹೆಣ್ಣುಮಗಳ ಮಾತು ಅದು. ಬರವಣಿಗೆಯಲ್ಲಿ ಅಲಂಕಾರವಿಲ್ಲ, ತೀರ್ಪು ಕೊಡುವ ಆತುರವೂ ಇಲ್ಲ. ಗಂಡನ ಮೇಲಿನ ಪ್ರೀತಿಯನ್ನೂ ಅವರಿಂದ ಆದ ನೋವನ್ನೂ ಒಂದನ್ನು ಇನ್ನೊಂದರ ಹಿಂದೆ ಬಚ್ಚಿಡದೆ ಹೇಳುತ್ತಾರೆ. ಈ ಪುಸ್ತಕ ಓದಿದ ಮೇಲೆ ಲಂಕೇಶರು ನನ್ನ ಕಣ್ಣಿನಲ್ಲಿ ಸಣ್ಣವರಾಗಲಿಲ್ಲ, ಮನುಷ್ಯರಾದರು. ಅವರ ಪಕ್ಕದಲ್ಲಿ ಇನ್ನೊಬ್ಬರು ಅಷ್ಟೇ ಎತ್ತರಕ್ಕೆ ನಿಂತರು. ಸಾಹಿತ್ಯದ ಅಳತೆಯಲ್ಲಿ ಗಂಡನ ಪುಸ್ತಕ ದೊಡ್ಡದು, ಆದರೆ ಗೆಳೆಯರಿಗೆ ಓದಲು ಕೊಡುವಾಗ ನಾನು ಹೆಂಡತಿಯ ಪುಸ್ತಕವನ್ನೂ ಸೇರಿಸಿಯೇ ಕೊಡುತ್ತೇನೆ.

ಕುಪ್ಪಳಿಯ ಮನೆತನದ್ದು ಜೋಡಿಯಲ್ಲ, ಮೂರು ಎಳೆಯ ಹುರಿ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ದೊಡ್ಡ ಗ್ರಂಥ. ಬಾಲ್ಯದ ಮಲೆನಾಡು, ಮೈಸೂರಿನ ವಿದ್ಯಾರ್ಥಿ ದೆಸೆ, ರಾಮಕೃಷ್ಣ ಆಶ್ರಮದ ದಿನಗಳು ಅದರ ಮುಖ್ಯ ಹರವು. ತಂದೆಯಾದ ಕುವೆಂಪು ಅವರನ್ನು ನೋಡಬೇಕಾದರೆ ಮಗನ ‘ಅಣ್ಣನ ನೆನಪು’ ಪುಸ್ತಕಕ್ಕೇ ಹೋಗಬೇಕು. ಪೂರ್ಣಚಂದ್ರ ತೇಜಸ್ವಿ ತಂದೆಯನ್ನು ಕರೆಯುತ್ತಿದ್ದದ್ದೇ ‘ಅಣ್ಣ’ ಎಂದು. ಮಹಾಕವಿಯ ಮನೆಯಲ್ಲಿ ನಾಯಿಗಳೂ ತುಂಟ ಮಕ್ಕಳೂ ಇದ್ದರು, ಅವರ ಗಲಾಟೆಯ ನಡುವೆಯೇ ಕಾವ್ಯ ಹುಟ್ಟುತ್ತಿತ್ತು ಎಂದು ತಿಳಿದಾಗ ಆಗುವ ಸಂತೋಷವನ್ನು ಯಾವ ವಿಮರ್ಶೆಯೂ ಕೊಡಲಾರದು. ತಂದೆಯ ಬಗ್ಗೆ ಇಷ್ಟು ನಗುತ್ತ, ಇಷ್ಟು ಗೌರವದಿಂದ ಬರೆದ ಪುಸ್ತಕ ಕನ್ನಡದಲ್ಲಿ ಇನ್ನೊಂದನ್ನು ನಾನು ಓದಿಲ್ಲ.

ಆ ಮಗನ ಮನೆಯ ಕಥೆ ತಿಳಿಯಲು ಪತ್ನಿ ರಾಜೇಶ್ವರಿ ತೇಜಸ್ವಿ ಅವರ ‘ನನ್ನ ತೇಜಸ್ವಿ’ ಇದೆ. ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಓದಿದವರಿಗೆ ಮಂದಣ್ಣ, ಪ್ಯಾರ, ನಾಯಿ ಕಿವಿ ಎಲ್ಲರೂ ನೆಂಟರಂತೆ ಗೊತ್ತು. ಮೂಡಿಗೆರೆಯ ಅವರ ಕಾಫಿ ತೋಟದ ಮನೆಯನ್ನು ನಡೆಸಿದವರ ಪರಿಚಯ ಮಾತ್ರ ಈ ಪುಸ್ತಕದಿಂದಲೇ ಆಗಬೇಕು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿದ ಹುಡುಗಿ, ತೇಜಸ್ವಿಯ ಪತ್ರಗಳು, 1966ರಲ್ಲಿ ಪುರೋಹಿತರಿಲ್ಲದೆ ನಡೆದ ಮಂತ್ರಮಾಂಗಲ್ಯದ ಮದುವೆ. ಸಂಪಾದಕರ ಕತ್ತರಿ ಆಡಬೇಕಿತ್ತು ಅನ್ನಿಸುವ ಪುಟಗಳಿವೆ. ಆದರೂ ಕಾಡಿನ ಅಂಚಿನಲ್ಲಿ ಬದುಕುವ ಧೈರ್ಯ ಆ ಮನೆಯಲ್ಲಿ ಒಬ್ಬರದಷ್ಟೇ ಆಗಿರಲಿಲ್ಲ ಎಂಬುದನ್ನು ಬೇರೆ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಈ ಓದಿನ ನಡುವೆ ನನ್ನನ್ನು ಬಹಳ ಕಾಡಿದ್ದು ಜೋಡಿ ಇಲ್ಲದ ಒಂದು ಪುಸ್ತಕ, ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿರುವುದನ್ನು ಹುಡುಗ ನೋಡುತ್ತಾನೆ. ಅವರಲ್ಲಿ ಒಬ್ಬರು ಅವನ ಅಪ್ಪ. ಇಂಥದ್ದನ್ನು ಕಂಡವರು ಶ್ರೀರಾಮಪುರದ ಸ್ಮಶಾನದಲ್ಲಿ ಕೂತು ಓದಿದ ದಿನಗಳನ್ನು ನಗಿಸುತ್ತ ಹೇಳುತ್ತಾರೆ. ಆ ನಗುವಿನ ಘನತೆ ದೊಡ್ಡದು. ಆದರೆ ನೊಗ ಹೊತ್ತ ಅಪ್ಪನಿಗೆ ತನ್ನ ಬಗ್ಗೆ ಹೇಳಲು ಏನಿತ್ತು? ಮಕ್ಕಳನ್ನು ಸಾಕಿದ ಅಮ್ಮನಿಗೆ? ಆ ಪುಸ್ತಕಗಳನ್ನು ಯಾರೂ ಬರೆಯಲಿಲ್ಲ, ಇನ್ನು ಬರೆಯುವುದು ಸಾಧ್ಯವೂ ಇಲ್ಲ. ಕನ್ನಡದ ಎಷ್ಟೋ ಆತ್ಮಕಥೆಗಳ ಪಕ್ಕದ ಜಾಗ ಹೀಗೇ ಖಾಲಿ ಉಳಿದಿದೆ.

ಆದ್ದರಿಂದ ನನ್ನದು ಎರಡು ಕೋರಿಕೆ. ಆತ್ಮಕಥೆ ಕೊಳ್ಳುವಾಗ ಅದರ ಜೋಡಿ ಪುಸ್ತಕವನ್ನೂ ಅಂಗಡಿಯವರಲ್ಲಿ ಕೇಳಿ. ಕೇಳುವವರಿದ್ದರೆ ಅವು ಮರುಮುದ್ರಣ ಕಾಣುತ್ತವೆ. ಮತ್ತೆ, ನಿಮ್ಮ ಮನೆಯಲ್ಲಿ ಬರೆಯಲು ಬಾರದ, ಬಂದರೂ ಬರೆಯಲು ಹಿಂಜರಿಯುವ ಅಜ್ಜಿಯೋ ಅತ್ತೆಯೋ ಇದ್ದರೆ ಅವರ ಮುಂದೆ ಕೂತು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಅಚ್ಚಾಗದಿದ್ದರೂ ಚಿಂತೆಯಿಲ್ಲ. ನಿಮ್ಮ ಮನೆಯ ಕಥೆಯ ಉಳಿದ ಅರ್ಧ ಅವರ ಹತ್ತಿರವಿದೆ.