ಒಂದೇ ಆಸನದ ಗಾಡಿ

ಮನುಷ್ಯನು ಗಾಡಿಯನ್ನು ಕಟ್ಟಿದ ಮೊದಲನೆಯ ದಿನ ಅದರಲ್ಲಿ ಧಾನ್ಯದ ಮೂಟೆಯನ್ನು ಹೇರಿರಬೇಕು. ಎರಡನೆಯ ದಿನ ನೆರೆಯವನ ಗಾಡಿಯೊಡನೆ ಪಂದ್ಯ ಕಟ್ಟಿರಬೇಕು. ಪ್ರಯೋಜನವೂ ಪಂದ್ಯವೂ ಅವಳಿ ಮಕ್ಕಳೆಂದೇ ನನ್ನ ಎಣಿಕೆ. ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಓಟವನ್ನು ನೋಡುತ್ತ ಬೆಳೆದ ನನ್ನಂಥವನಿಗೆ ಮೋಟಾರಿನ ಓಟವು ವಿಚಿತ್ರವೆಂದು ತೋರಬೇಕಾದ ಕಾರಣವಿಲ್ಲ. ಆದರೂ ಇವೆರಡಕ್ಕೂ ಒಂದು ಭೇದವುಂಟು. ಗಾಡಿಯ ಓಟದಲ್ಲಿ ಸೋತವನು ಎತ್ತುಗಳನ್ನು ಹೊಡೆದುಕೊಂಡು ಮನೆಗೆ ಬರುತ್ತಾನೆ. ಮರುದಿನ ಅವೇ ಎತ್ತುಗಳು ನೇಗಿಲನ್ನೆಳೆಯುತ್ತವೆ. ಯೂರೋಪಿನ ಅಂಗಣದಲ್ಲಿ ಸೋತ ಮೋಟಾರಿನಿಂದ ಹೊಲವನ್ನು ಉಳುವುದಕ್ಕಾಗುವುದಿಲ್ಲ. ಅದಕ್ಕಾಗಿ ಹೊಲವನ್ನೇ ಮಾರಿದ್ದರೆ ಉಳುವ ಪ್ರಶ್ನೆಯೂ ಉಳಿಯುವುದಿಲ್ಲ.

ಇದು ಹಾಸ್ಯಕ್ಕಾಗಿ ಹೇಳಿದ ಮಾತಲ್ಲ. ಕಳೆದ ವರ್ಷ ಇಂಥದೊಂದು ಪ್ರಶ್ನೆಗೆ ನಾನು ಉತ್ತರ ಹೇಳಬೇಕಾಗಿ ಬಂದಿತು.

ನಮ್ಮ ಸೋಲದೇವನಹಳ್ಳಿಯು ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ಹೆಸರಘಟ್ಟದ ಕಡೆಗಿರುವ ಊರು. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಹರಿಯಿತು; ಈಗ ಬೆಂಗಳೂರೇ ನಮ್ಮ ಕಡೆಗೆ ಹರಿದು ಬರುತ್ತಿದೆ. ರಾಗಿಯ ಹೊಲಗಳಿದ್ದ ಕಡೆ ಇಂಜಿನಿಯರಿಂಗ್ ಕಾಲೇಜಿನ ಕಟ್ಟಡಗಳೂ ವಿದ್ಯಾರ್ಥಿಗಳ ವಸತಿಗಳೂ ಎದ್ದಿವೆ. ಅಳತೆಯ ಕಲ್ಲುಗಳನ್ನು ನೆಡದೆ ಉಳಿದಿರುವ ಭೂಮಿ ಅಲ್ಲಲ್ಲಿ ಮಾತ್ರ. ಅಂಥದರಲ್ಲಿ ಒಂದೆಕರೆ ನನ್ನ ತಂಗಿಯ ಹೆಸರಿನಲ್ಲಿದೆ. ಗಂಡನು ತೀರಿಕೊಂಡ ಬಳಿಕ ಆಕೆಗೆ ಧೈರ್ಯವೆಂದು ಉಳಿದಿರುವುದು ಅದೊಂದೇ.

ತಂಗಿಯ ಮಗನಿಗೆ ಇಬ್ಬರು ಮಕ್ಕಳು: ಹದಿಮೂರು ವರ್ಷದ ಹುಡುಗ, ಹತ್ತು ವರ್ಷದ ಹುಡುಗಿ. ಹುಡುಗನು ಹೆಣ್ಣೂರು–ಬಾಗಲೂರು ರಸ್ತೆಯಲ್ಲಿರುವ ಕಾರ್ಟು ಅಂಗಣದಲ್ಲಿ ಓಡಿಸುವುದನ್ನು ಕಲಿತವನು. ಕಾರ್ಟೆಂದರೆ ನೆಲಕ್ಕೆ ಅಂಟಿಕೊಂಡಂತಿರುವ, ಮೇಲುಹೊದಿಕೆಯಿಲ್ಲದ ಪುಟ್ಟ ಬಂಡಿ. ಈ ವಿದ್ಯೆಗೆ ಅದೇ ಓನಾಮ. ಹುಡುಗನಿಗೆ ಕೈಚಳಕವಿದೆಯೆಂದು ಅಲ್ಲಿಯವರು ಹೇಳಿದರು. ನಮ್ಮೂರಿನ ಹೆಸರನ್ನು ‘ಸೋಲದ ದೇವನ ಹಳ್ಳಿ’ ಎಂದು ಬಿಡಿಸಿ ಹೇಳುವುದು ಅವನಿಗೊಂದು ಹೆಮ್ಮೆ. ಶಾಸನಗಳನ್ನು ಓದುವವರು ಇದನ್ನು ಒಪ್ಪುವರೋ ಇಲ್ಲವೋ, ಹದಿಮೂರು ವರ್ಷದವನ ವ್ಯಾಕರಣಕ್ಕೆ ಅದೇ ಸರಿಯಾದ ಸಮಾಸ.

ಒಂದು ಸಂಜೆ ಅಳಿಯನು ಬಂದು, “ಮಾವ, ಹುಡುಗನನ್ನು ಯೂರೋಪಿಗೆ ಕಳಿಸಬೇಕೂಂತಿದ್ದೀನಿ. ಹೊಲ ಮಾರಿದರೆ ಒಂದೆರಡು ವರ್ಷಕ್ಕೆ ಆಗುತ್ತೆ. ಅಮ್ಮ ನಿಮ್ಮನ್ನು ಕೇಳು ಅಂದಳು. ನೀವು ಬೇಡ ಅಂದರೆ ಅವಳು ಕಾಗದಕ್ಕೆ ಕೈ ಹಾಕೋದಿಲ್ಲ,” ಎಂದನು. ತಂಗಿಯನ್ನು ಕೇಳಿದರೆ, “ಅಣ್ಣ ಹೇಳಿದ ಹಾಗೆ” ಎಂದು ಒಳಕ್ಕೆ ಹೋದಳು. ತಿಳಿಯದ ವಿಷಯದಲ್ಲಿ ಹೌದೆನ್ನುವುದೂ ಅಲ್ಲವೆನ್ನುವುದೂ ಸಮಾನವಾದ ಅವಿವೇಕವೆಂದು ನನ್ನ ನಂಬಿಕೆ. ಆದುದರಿಂದ ಒಂದು ವರ್ಷದ ಅವಧಿಯನ್ನು ಬೇಡಿಕೊಂಡು, ೨೦೨೫ರ ಪಂದ್ಯಗಳನ್ನು ಆ ಹುಡುಗನ ಪಕ್ಕದಲ್ಲಿಯೇ ಕುಳಿತು ದೂರದರ್ಶನದ ಪರದೆಯಲ್ಲಿ ನೋಡಿದೆನು. ಗುರುವು ಹದಿಮೂರು ವರ್ಷದವನು, ಶಿಷ್ಯನು ಎಪ್ಪತ್ತೊಂದು ವರ್ಷದವನು. ಪಾಠ ಮಾತ್ರ ಕ್ರಮವಾಗಿಯೇ ನಡೆಯಿತು.

ಈ ವಿದ್ಯೆಗೆ ಮೆಟ್ಟಿಲುಗಳುಂಟು. ಹದಿನೈದು ತುಂಬಿದವನು ಫಾರ್ಮುಲಾ ೪ ಎಂಬ ತರಗತಿಯನ್ನು ಸೇರಬಹುದು. ಅದರ ಮೇಲೆ ಪ್ರಾಂತೀಯ ತರಗತಿ, ಅದರ ಮೇಲೆ ಫಾರ್ಮುಲಾ ೩, ಮತ್ತೆ ಫಾರ್ಮುಲಾ ೨. ಎಲ್ಲಕ್ಕೂ ಮೇಲೆ ಜಗತ್ತೆಲ್ಲ ಬಲ್ಲ ಫಾರ್ಮುಲಾ ೧. ಗಾಡಿಗಳೆಲ್ಲ ಒಂದೇ ಆಸನದವು. ಫಾರ್ಮುಲಾ ೨ರ ಗಾಡಿಯ ಬಲ ಸುಮಾರು ೬೨೦ ಕುದುರೆಗಳದು. ಎಲ್ಲ ತಂಡಗಳಿಗೂ ಒಂದೇ ಮಾದರಿಯ ಗಾಡಿ, ಒಂದೇ ಇಂಜಿನು. ಗೆದ್ದವನು ಗಾಡಿಯಿಂದ ಗೆದ್ದನೆಂದು ಸೋತವನು ಹೇಳಿಕೊಳ್ಳುವ ಹಾಗಿಲ್ಲವೆಂಬುದು ನಿಯಮದ ಅಭಿಪ್ರಾಯ. ಆದರೂ ಒಂದೇ ಬಗೆಯ ವೀಣೆಯನ್ನು ಇಬ್ಬರು ಶ್ರುತಿ ಮಾಡಿದರೆ ನಾದದಲ್ಲಿ ಭೇದವಿರುವಂತೆ, ಚಕ್ರದ ಗಾಳಿ, ರೆಕ್ಕೆಯ ಓರೆ, ನೆಲದಿಂದ ಗಾಡಿಯ ಎತ್ತರ ಮೊದಲಾದವುಗಳನ್ನು ಹೊಂದಿಸುವ ಇಂಜಿನಿಯರನ ಬುದ್ಧಿಯಲ್ಲಿ ಭೇದವಿದ್ದೇ ಇರುತ್ತದೆ. ಒಳ್ಳೆಯ ಇಂಜಿನಿಯರನು ಹಣವುಳ್ಳ ತಂಡದಲ್ಲಿರುತ್ತಾನೆ.

ಮೇಲಿನ ಮೆಟ್ಟಿಲಿಗೆ ಪರವಾನಗಿ ಸಿಕ್ಕಬೇಕಾದರೆ ಮೂರು ವರ್ಷಗಳೊಳಗಾಗಿ ೪೦ ಅಂಕಗಳು ಸೇರಬೇಕು. ಫಾರ್ಮುಲಾ ೪ರಲ್ಲಿ ಇಡೀ ವರ್ಷ ಮೊದಲನೆಯವನಾದರೂ ಬರತಕ್ಕವು ೧೨ ಅಂಕ ಮಾತ್ರ. ಇಷ್ಟೆಲ್ಲ ಸೇರಿಸಿದ ಮೇಲೂ ಬಾಗಿಲಿನಾಚೆ ಸ್ಥಳವಿರಬೇಕಷ್ಟೆ: ೨೦೨೫ರಲ್ಲಿ ಫಾರ್ಮುಲಾ ೧ರಲ್ಲಿದ್ದ ಆಸನಗಳು ಇಪ್ಪತ್ತು. ಭಾರತದಿಂದ ಹೋಗಿ ಆ ಪಂದ್ಯಗಳಲ್ಲಿ ಓಡಿಸಿದವರು ಇದುವರೆಗೆ ಇಬ್ಬರೇ. ೨೦೦೫ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, ೨೦೧೦ರಲ್ಲಿ ಚೆನ್ನೈಯ ಕರುಣ್ ಚಂಡೋಕ್.

ಇನ್ನು ವೆಚ್ಚ. ಫಾರ್ಮುಲಾ ೪ರ ಒಂದು ವರ್ಷಕ್ಕೆ ಕೆಲವು ಲಕ್ಷ ಯೂರೋ. ನಮ್ಮ ಲೆಕ್ಕದಲ್ಲಿ ಕೋಟಿಗಳ ಮಾತು. ಫಾರ್ಮುಲಾ ೨ಕ್ಕೆ ಇಪ್ಪತ್ತು ಲಕ್ಷ ಯೂರೋಗಳಿಗೂ ಮೀರುತ್ತದೆಂದು ಬಲ್ಲವರು ಹೇಳುತ್ತಾರೆ. ಶಾಲೆಯಲ್ಲಿ ಜಾಣನಾದವನಿಗೆ ವಿದ್ಯಾರ್ಥಿವೇತನ ಬರುವಂತೆ ಇಲ್ಲಿ ಕೈಚಳಕವುಳ್ಳವನಿಗೆ ತಾನಾಗಿ ಬರುವುದು ಅಪೂರ್ವ. ದೊಡ್ಡ ತಂಡವು ಆರಿಸಿಕೊಳ್ಳಬೇಕು, ಇಲ್ಲವೆ ಮನೆಯವರೇ ತೆರಬೇಕು. ನನ್ನ ತಂಗಿಯ ಒಂದೆಕರೆಯು ಮೊದಲ ಮೆಟ್ಟಿಲನ್ನು ದಾಟಿಸಿ, ಎರಡನೆಯದರ ನಡುವೆ ಮುಗಿದುಹೋಗುತ್ತಿತ್ತು.

ಹಾಗಾದರೆ ನಮ್ಮವರಾರೂ ಹೋಗಲಿಲ್ಲವೆ? ಹೋದರು. ಬೆಂಗಳೂರಿನ ಮೈನಿ ಸಹೋದರರ ಕಥೆಯನ್ನು ಹುಡುಗನು ನನಗೆ ಪುರಾಣದಂತೆ ಹೇಳಿದನು. ಅಣ್ಣನಾದ ಅರ್ಜುನ್ ಮೈನಿಯು ೨೦೧೧ರಲ್ಲಿ ಫೋರ್ಸ್ ಇಂಡಿಯಾ ತಂಡವು ದೇಶದಲ್ಲೆಲ್ಲ ಹುಡುಕಿ ಆರಿಸಿದ ಮೂವರು ಬಾಲಕರಲ್ಲೊಬ್ಬ. ೨೦೧೪ರಲ್ಲಿ ಇಂಗ್ಲೆಂಡಿನ ಫಾರ್ಮುಲಾ ೪ ಪಂದ್ಯಮಾಲೆಯಲ್ಲಿ ಆತನು ಕೊನೆಯ ಪಂದ್ಯಗಳವರೆಗೂ ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದು, ಕಡೆಗೆ ಎರಡನೆಯವನಾದನು. ಮೊದಲನೆಯವನಾದ ಇಂಗ್ಲಿಷ್ ಹುಡುಗನ ಹೆಸರು ಜಾರ್ಜ್ ರಸೆಲ್. ಆತನು ೨೦೧೯ರಲ್ಲಿ ಫಾರ್ಮುಲಾ ೧ಕ್ಕೆ ಏರಿ, ೨೦೨೨ರಲ್ಲಿ ಮರ್ಸಿಡಿಸ್ ತಂಡವನ್ನು ಸೇರಿ, ಅದೇ ವರ್ಷ ಬ್ರೆಜಿಲಿನಲ್ಲಿ ಗೆದ್ದನು. ಅರ್ಜುನನು ೨೦೧೭ರಲ್ಲಿ ಬಾರ್ಸಿಲೋನಾದಲ್ಲಿ ಜಿ.ಪಿ. ೩ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯನೆನಿಸಿ, ೨೦೧೮ರಲ್ಲಿ ಫಾರ್ಮುಲಾ ೨ರಲ್ಲಿ ಓಡಿಸಿ, ೨೦೨೧ರಿಂದ ಜರ್ಮನಿಯ ಡಿ.ಟಿ.ಎಂ. ಪಂದ್ಯಗಳಿಗೆ ಹೊರಳಿದನು. ಅದು ಕೀರ್ತಿಯ ಜೀವನವೇ. ಆದರೆ ಹದಿಹರೆಯದಲ್ಲಿ ಕನಸಿದ ಮೆಟ್ಟಿಲಲ್ಲ.

ತಮ್ಮನಾದ ಕುಶ್ ಮೈನಿಯು ೨೦೧೬ರಲ್ಲಿ ಇಟಲಿಯ ಫಾರ್ಮುಲಾ ೪ನ್ನು ಸೇರಿದನು. ೨೦೧೮ರ ಬ್ರಿಟಿಷ್ ಫಾರ್ಮುಲಾ ೩ರಲ್ಲಿ ಮೂರನೆಯವನು, ೨೦೨೦ರಲ್ಲಿ ಎರಡನೆಯವನು. ೨೦೨೩ರಲ್ಲಿ ಫಾರ್ಮುಲಾ ೨ಕ್ಕೆ ಬಂದನು. ೨೦೨೪ರಲ್ಲಿ ಹಂಗರಿಯಲ್ಲಿ ಮುಂದೆ ಬಂದವನ ಗಾಡಿಯು ಪರೀಕ್ಷೆಯಲ್ಲಿ ತಪ್ಪಿ, ಈತನಿಗೆ ಮೊದಲ ಗೆಲುವು ದೊರೆಯಿತು. ಆ ವರ್ಷ ಅದೇ ತಂಡದಲ್ಲಿ ಅದೇ ಗಾಡಿಯನ್ನೋಡಿಸಿದ ಜೊತೆಗಾರನಾದ ಬ್ರೆಜಿಲಿನ ಗೇಬ್ರಿಯಲ್ ಬೋರ್ಟೊಲೆಟೊ ಪ್ರಶಸ್ತಿಯನ್ನು ಪಡೆದು, ೨೦೨೫ರಲ್ಲಿ ಫಾರ್ಮುಲಾ ೧ಕ್ಕೆ ಹೋದನು. ಕುಶ್ ಮೈನಿಗೆ ಆಲ್ಪೀನ್ ತಂಡದಲ್ಲಿ ಮೀಸಲು ಚಾಲಕನ ಸ್ಥಾನ ಸಿಕ್ಕಿತು. ಅಣ್ಣನ ಪಕ್ಕದಲ್ಲೊಬ್ಬನಿದ್ದನು, ತಮ್ಮನ ಪಕ್ಕದಲ್ಲೊಬ್ಬನಿದ್ದನು. ಬಾಗಿಲು ತೆರೆದಾಗ ಒಳಗೆ ಹೋದವನು ಪಕ್ಕದವನು. ಇದರಲ್ಲಿ ಅನ್ಯಾಯವಾಯಿತೆಂದು ನಾನು ಹೇಳಲಾರೆ. ಆಸನವೊಂದು, ಯೋಗ್ಯರಿಬ್ಬರು, ಲೆಕ್ಕವೇ ನಿಷ್ಠುರ.

ಆದರೂ ೨೦೨೫ರ ಮೇ ತಿಂಗಳ ಆ ಶನಿವಾರವನ್ನು ನಾನು ಮರೆಯುವಂತಿಲ್ಲ. ಫಾರ್ಮುಲಾ ೨ರಲ್ಲಿ ಆ ವರ್ಷ ಹದಿನಾಲ್ಕು ಊರುಗಳಲ್ಲಿ ಪಂದ್ಯ: ಆಸ್ಟ್ರೇಲಿಯಾದಿಂದ ಅಬುಧಾಬಿಯವರೆಗೆ, ನಡುವೆ ಇಮೋಲಾ, ಸಿಲ್ವರ್‌ಸ್ಟೋನ್, ಸ್ಪಾ, ಮೊಂಜಾ. ಒಂದೊಂದು ಊರಿನಲ್ಲಿಯೂ ಎರಡೆರಡು ಓಟ. ಚಿಕ್ಕ ಓಟಕ್ಕೆ ಒಂದು ಸ್ವಾರಸ್ಯವಾದ ನಿಯಮವಿದೆ: ಅರ್ಹತೆಯ ಪರೀಕ್ಷೆಯಲ್ಲಿ ಮೊದಲ ಹತ್ತು ಮಂದಿಯಾದವರನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ, ಹತ್ತನೆಯವನು ಎಲ್ಲರಿಗಿಂತ ಮುಂದೆ. ಮೊನಾಕೊ ಪಟ್ಟಣದ ಬೀದಿಗಳು ನಮ್ಮ ಹಳೆಯ ಪೇಟೆಯ ಬೀದಿಗಳಂತೆ ಇಕ್ಕಟ್ಟು. ಅಲ್ಲಿ ಮುಂದಿರುವವನನ್ನು ದಾಟುವುದು ದುಸ್ಸಾಧ್ಯ. ಅಂದು ಕುಶ್ ಮೈನಿಯು ಎಲ್ಲರ ಮುಂದೆ ನಿಂತು, ಕೊನೆಯವರೆಗೂ ಯಾರಿಗೂ ಎಡೆಗೊಡದೆ ಗೆದ್ದನು. ಮೊನಾಕೊದ ಫಾರ್ಮುಲಾ ೨ ಪಂದ್ಯದಲ್ಲಿ ಭಾರತೀಯನೊಬ್ಬನಿಗೆ ಅದೇ ಮೊದಲ ಜಯ. ರಾಷ್ಟ್ರಗೀತೆಯು ಮೊಳಗಿದಾಗ ನಮ್ಮ ಹುಡುಗನು ಎದ್ದು ನಿಂತನು. ಅವನ ತಂಗಿಯೂ ನಿಂತಳು. ಮಂಡಿನೋವಿನ ನಾನೂ ನಿಂತೆನು. ಇಟಲಿಯಲ್ಲಿ ಮೊದಲ ಮೆಟ್ಟಿಲನ್ನು ತುಳಿದು ಒಂಬತ್ತು ವರ್ಷಗಳಾದ ಮೇಲೆ ಬಂದ ಗೀತೆ ಅದು.

ನಿಯಮದ ಸಹಾಯದಿಂದ ಗೆದ್ದನೆಂದು ಯಾರಾದರೂ ಅಂದಾರು. ಮುಂದೆ ನಿಲ್ಲಿಸುವುದಷ್ಟೇ ನಿಯಮದ ಕೆಲಸ; ಗೋಡೆಗೆ ಗೇಣು ದೂರದಲ್ಲಿ ಅಷ್ಟು ಸುತ್ತುಗಳನ್ನು ತಪ್ಪಿಲ್ಲದೆ ಓಡಿಸುವುದು ನಿಯಮದಿಂದಾಗತಕ್ಕದ್ದಲ್ಲ.

ಇನ್ನೊಂದು ವಿಷಯವನ್ನು ಹುಡುಗನು ಹೇಳಲಿಲ್ಲ; ನಾನೇ ತಿಳಿದುಕೊಂಡೆನು. ೨೦೧೯ರ ಆಗಸ್ಟ್ ೩೧ರಂದು ಬೆಲ್ಜಿಯಮಿನ ಸ್ಪಾದಲ್ಲಿ ಫಾರ್ಮುಲಾ ೨ ಓಟದ ನಡುವೆ ಫ್ರಾನ್ಸಿನ ಆಂಟ್ವಾನ್ ಉಬೇರ್ ಎಂಬ ಇಪ್ಪತ್ತೆರಡು ವರ್ಷದ ತರುಣನು ಮಡಿದನು. ಹಿಂದಿನ ವರ್ಷವಷ್ಟೇ ಆತನು ಜಿ.ಪಿ. ೩ರ ಪ್ರಶಸ್ತಿಯನ್ನು ಪಡೆದಿದ್ದನು. ೨೦೨೩ರ ಜುಲೈಯಲ್ಲಿ ಅದೇ ಸ್ಪಾದಲ್ಲಿ, ಮಳೆಯ ನಡುವೆ, ಪ್ರಾಂತೀಯ ತರಗತಿಯ ಡಿಲಾನೊ ವಾನ್ ಟ್ ಹಾಫ್ ಎಂಬ ಹದಿನೆಂಟು ವರ್ಷದ ಡಚ್ ಹುಡುಗನು ಹೋದನು. ಮರುತಿಂಗಳು ಚೆನ್ನೈಯ ಅಂಗಣದಲ್ಲಿ, ಮೋಟಾರ್ ಸೈಕಲ್ಲಿನ ಪಂದ್ಯದಲ್ಲಿ, ನಮ್ಮ ಬೆಂಗಳೂರಿನವನೇ ಆದ ಹದಿಮೂರು ವರ್ಷದ ಬಾಲಕನೊಬ್ಬನು ತೀರಿಕೊಂಡನು. ಚಾಲಕನ ತಲೆಯ ಮೇಲೆ ಈಗ ಟೈಟೇನಿಯಂ ಲೋಹದ ಕಮಾನು ಇದೆ, ಫಾರ್ಮುಲಾ ೨ರಲ್ಲಿ ೨೦೧೮ರಿಂದ; ಅದರಿಂದ ಉಳಿದ ಪ್ರಾಣಗಳುಂಟು. ಆದರೆ ಹದಿಮೂರು ಎಂಬ ಸಂಖ್ಯೆಯನ್ನು ಓದಿದ ಮೇಲೆ ನಾನು ಪತ್ರಿಕೆಯನ್ನು ಮಡಿಸಿಟ್ಟು, ಅಂಗಳದಲ್ಲಿ ಬಹಳ ಹೊತ್ತು ಕುಳಿತಿದ್ದೆನು. ಈ ಮಾತನ್ನು ತಂಗಿಗೆ ಹೇಳಲಿಲ್ಲ, ಅಳಿಯನಿಗೆ ಹೇಳಿದೆನು. ಅವನು, “ಗೊತ್ತು, ಮಾವ,” ಎಂದು ತಲೆ ತಗ್ಗಿಸಿದನು. ತಂದೆಯಾದವನು ತಿಳಿಯದೆ ಕೇಳಿದ್ದಲ್ಲವೆಂದು ಆಗ ಅರ್ಥವಾಯಿತು.

ಡಿಸೆಂಬರಿನಲ್ಲಿ ಕೊನೆಯ ಪಂದ್ಯವು ಮುಗಿದ ಬಳಿಕ ಎಲ್ಲರೂ ಕುಳಿತೆವು. ಅಪಾಯವನ್ನು ಕಾರಣವಾಗಿ ಹಿಡಿದು ನಾನು ಬೇಡವೆನ್ನಲಿಲ್ಲ. ಹಾಗೆಂದರೆ ಮಕ್ಕಳನ್ನು ಈಜಲಿಕ್ಕೂ ಬಿಡಬಾರದು. ವೆಚ್ಚವನ್ನೂ ಮುಂದೆ ಮಾಡಲಿಲ್ಲ. ಹುಡುಗಿಯನ್ನು ಹತ್ತಿರಕ್ಕೆ ಕರೆದು, “ಈ ಹೊಲದಲ್ಲಿ ಇವಳದು ಅರ್ಧ. ಇವಳು ಏನನ್ನೂ ಕೇಳಿಲ್ಲ. ಕೇಳದ ಮಗುವಿನ ಪಾಲನ್ನು ಕೇಳಿದ ಮಗುವಿಗೆ ಕೊಡುವ ಅಧಿಕಾರ ನನಗಿಲ್ಲ, ನಿನಗೂ ಇಲ್ಲ,” ಎಂದೆನು. ಗಾಡಿಗೆ ಆಸನವೊಂದೇ ಇರಬಹುದು, ಮನೆಯಲ್ಲಿ ಕೂಡುವವರು ಐದು ಜನ. ಹದಿನೈದು ತುಂಬುವವರೆಗೆ ಹುಡುಗನು ಇಲ್ಲಿಯೇ ಕಾರ್ಟು ಓಡಿಸಲಿ. ೨೦೨೩ರಿಂದ ನಮ್ಮ ದೇಶದಲ್ಲಿಯೂ ಫಾರ್ಮುಲಾ ೪ ಪಂದ್ಯಗಳು ನಡೆದಿವೆ, ಚೆನ್ನೈ ರಾತ್ರಿಯ ರೈಲಿನಷ್ಟು ದೂರ. ಅಲ್ಲಿ ಕೈ ತೋರಿಸಿ, ಅವನನ್ನು ಬಯಸಿ ಕರೆಯುವವರು ಬಂದರೆ ಆಗ ನನ್ನ ಉಳಿತಾಯದಲ್ಲಿ ಪ್ರಯಾಣದ ಖರ್ಚು ನನ್ನದು. ಹೊಲವು ಮಾತ್ರ ಹೊಲವಾಗಿಯೇ ಇರಲಿ. ಅಳಿಯನು ಮಾತನಾಡಲಿಲ್ಲ. ತಂಗಿಯು ಸೆರಗಿನಿಂದ ಮುಖವನ್ನೊರಸಿಕೊಂಡು ಎದ್ದು, ಒಲೆಯ ಮೇಲಿದ್ದುದನ್ನು ನೋಡಲು ಹೋದಳು.

ಹುಡುಗನು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ತಾತ, ಎರಡನೆಯವನಾಗಿ ಬಂದರೂ ಸಾಲದಾ?” ಎಂದು ಕೇಳಿದನು. ಅರ್ಜುನ್ ಮೈನಿಯ ಕಥೆಯನ್ನು ನನಗೆ ಹೇಳಿಕೊಟ್ಟವನು ಅವನೇ. ಅದರ ತಾತ್ಪರ್ಯವು ಅವನಿಗೆ ಅಂದು ಹೊಳೆದಿತ್ತು. ಸಮಾಧಾನಕ್ಕಾಗಿ ಒಂದು ಸುಳ್ಳನ್ನು ಹೇಳಬಹುದಾಗಿತ್ತು. “ನಮಗೆ ಸಾಕು, ಮಗು. ಅಲ್ಲಿಯವರಿಗೆ ಸಾಲದು. ನೀನು ಹೋಗುವುದಾದರೆ ಅದನ್ನು ತಿಳಿದೇ ಹೋಗಬೇಕು,” ಎಂದೆನು.

ಮೂರು ವಾರ ಅವನು ನನ್ನೊಡನೆ ಮಾತು ಬಿಟ್ಟನು. ನಾಲ್ಕನೆಯ ಭಾನುವಾರ ಬೆಳಿಗ್ಗೆ ತಂದೆಯೊಡನೆ ಹೆಣ್ಣೂರಿನ ಕಡೆಗೆ ಹೊರಟವನು ತಂಗಿಯನ್ನೂ ಕರೆದುಕೊಂಡು ಹೋದನು. ಅವಳು ಗಡಿಯಾರವನ್ನು ಹಿಡಿದು ಒಂದೊಂದು ಸುತ್ತಿನ ಕಾಲವನ್ನೂ ಪುಸ್ತಕದಲ್ಲಿ ಬರೆಯುತ್ತಾಳಂತೆ. ಕಳೆದ ತಿಂಗಳು ಆ ಪುಸ್ತಕವನ್ನು ಅವನೇ ತಂದು ನನಗೆ ತೋರಿಸಿದನು. ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಬರೆದ ಅಂಕಿಗಳು, ಸಾಲಾಗಿ, ಗುಂಡಾಗಿ. ಅಲ್ಲೊಂದು ಕಡೆ ಅವನು ತಾನು ಇದಕ್ಕಿಂತ ವೇಗವಾಗಿ ಬಂದೆನೆಂದು ವಾದಿಸಿದ್ದನಂತೆ. ಅವಳು ತಿದ್ದಿರಲಿಲ್ಲ.