ಎಷ್ಟು ಅಂತ ಹೇಳದೆ ಕೇಳಿದ್ರೆ ಹೆಂಗೆ ಹೇಳೋದು?

ಸರ್ವೆಗೆ ಬಂದಿದ್ದೀವಿ ಅಂದ ತಕ್ಷಣ ನಮ್ಮ ಕಡೆ ಜನ ಮೊದಲು ಕೇಳೋದು, ‘ಇದ್ರಿಂದ ನಮಗೇನು ಸಿಗುತ್ತೆ?’ ಅಂತ. ಎರಡನೆಯದು, ‘ರೇಷನ್ ಕಾರ್ಡ್ ಕಟ್ ಆಗಲ್ಲ ತಾನೆ?’ ಈ ಎರಡಕ್ಕೆ ಸಮಾಧಾನ ಹೇಳೋದರಲ್ಲೇ ನನ್ನ ಮೊದಲ ಕೆಲಸದ ಅರ್ಧ ದಿನ ಕಳೆದುಹೋಗುತ್ತಿತ್ತು.

ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ಕಾಲ. 2019ರಲ್ಲಿ ಒಂದು ಸರ್ವೆ ಏಜೆನ್ಸಿಯವರು ಎರಡು ತಿಂಗಳಿಗೆ ನನ್ನನ್ನು ತೆಗೆದುಕೊಂಡರು. ಕೈಗೊಂದು ಟ್ಯಾಬ್, ಕುತ್ತಿಗೆಗೊಂದು ಐಡಿ ಕಾರ್ಡ್, ಕಳಿಸಿದ್ದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿಗೆ. ಕೇಳಬೇಕಿದ್ದ ವಿಷಯ ಎರಡು. ದೇಶದ ಅಭಿವೃದ್ಧಿಗೆ ಮೊದಲು ಏನಾಗಬೇಕು? ಭಾರತ ತನಗಿಂತ ಬಡ ದೇಶಗಳಿಗೆ ನೆರವು ಕೊಡಬೇಕೇ, ಬೇಡವೇ?

ಈಗ ನಾನು ಬೆಂಗಳೂರಿನಲ್ಲಿ ಕೂತು, ಅಂಥ ಉತ್ತರಗಳನ್ನು ಬಣ್ಣಬಣ್ಣದ ಚಾರ್ಟ್ ಮಾಡುವ ಕೆಲಸದಲ್ಲಿದ್ದೀನಿ. ‘ಶೇ. 60 ಜನರ ಅಭಿಪ್ರಾಯ ಹೀಗಿದೆ’ ಅಂತ ನಿಮ್ಮ ಫೋನಿಗೆ ಬರುತ್ತಲ್ಲ, ಆ ತರಹದ್ದು. ಹಾಗಾಗಿ ಆ ಶೇಕಡಾವಾರು ಹೊರಡೋದು ಎಲ್ಲಿಂದ ಅನ್ನೋದನ್ನು ಎರಡೂ ತುದಿಯಿಂದ ನೋಡಿದ್ದೀನಿ.

ಪಾವಗಡ ನೋಡದವರಿಗೆ ಎರಡು ಮಾತು. ಮೂರು ಕಡೆ ಆಂಧ್ರ. ಮಳೆ ಕಡಿಮೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ವಯಸ್ಸಿಗೆ ಮೊದಲೇ ಮಂಡಿನೋವು. ಅದೇ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಿಲ್ಲ, ವರ್ಷಕ್ಕಿಷ್ಟು ಅಂತ ಬಾಡಿಗೆಗೆ ಕೊಟ್ಟಿದ್ದಾರೆ. ಅಂದ್ರೆ ‘ಅಭಿವೃದ್ಧಿ’ ಅಲ್ಲಿ ಭಾಷಣದ ಪದವಲ್ಲ, ಹೊಲದ ಬದಿಯಲ್ಲೇ ನಿಂತಿರುವ ವಸ್ತು.

ನಮ್ಮ ಟ್ಯಾಬ್‌ನಲ್ಲಿ ಒಂದು ಪಟ್ಟಿ ಇತ್ತು. ಕುಡಿಯುವ ನೀರು, ಶಾಲೆ, ಆಸ್ಪತ್ರೆ, ರಸ್ತೆ, ಉದ್ಯೋಗ, ಬೆಳೆಗೆ ಬೆಲೆ, ಪರಿಸರ, ದೇಶದ ರಕ್ಷಣೆ, ಹೀಗೆ. ಮೂರನ್ನು ಆರಿಸಬೇಕು. ಓದಿ ಹೇಳಿದರೆ ಜನ ಹಾಗೆ ಉತ್ತರ ಕೊಡುತ್ತಿರಲಿಲ್ಲ. ಜಗಲಿ ಮೇಲೆ ಕೂತಿದ್ದ ಒಬ್ಬ ಹಿರಿಯರು ಹೇಳಿದ್ದು ಇವತ್ತಿಗೂ ನೆನಪಿದೆ: ‘ರಸ್ತೆ ಮಾಡುದ್ರೆ ಬಸ್ಸು ಬತ್ತದೆ. ಬಸ್ಸು ಬಂದ್ರೆ ನನ್ನ ಮೊಮ್ಮಗಳು ಕಾಲೇಜಿಗೆ ಹೋಯ್ತಳೆ. ಈಗ ನೀನು ರಸ್ತೆ ಅಂತ ಬರ್ಕೊಂತೀಯಾ, ಓದು ಅಂತ ಬರ್ಕೊಂತೀಯಾ?’

ಟ್ಯಾಬ್‌ನಲ್ಲಿ ‘ರಸ್ತೆ’ ಅಂತ ಒತ್ತಿದೆ. ಅವರು ಮೊದಲು ಹೇಳಿದ ಪದವನ್ನೇ ಒತ್ತಬೇಕು ಅನ್ನೋದು ನಿಯಮ. ಮೊಮ್ಮಗಳು ಲೆಕ್ಕಕ್ಕೆ ಬರಲಿಲ್ಲ.

ಇದು ನಮ್ಮ ಒಂದು ಸರ್ವೆಯ ಕಥೆಯಲ್ಲ. ವಿಶ್ವಸಂಸ್ಥೆ 2013ರಿಂದ 2015ರವರೆಗೆ ‘ಮೈ ವರ್ಲ್ಡ್’ ಅಂತ ಜಗತ್ತಿನ ಎಲ್ಲ ಕಡೆ ಜನಾಭಿಪ್ರಾಯ ಸಂಗ್ರಹಿಸಿತು. 16 ವಿಷಯಗಳ ಪಟ್ಟಿ ಕೊಟ್ಟು, ನಿಮಗೂ ನಿಮ್ಮ ಕುಟುಂಬಕ್ಕೂ ಮುಖ್ಯವಾದ 6 ಆರಿಸಿ ಅಂದರು. ವೆಬ್‌ಸೈಟ್, ಎಸ್‌ಎಂಎಸ್ ಅಷ್ಟೇ ಅಲ್ಲ, ಸ್ವಯಂಸೇವಕರು ಕಾಗದದ ಮತಪತ್ರ ಹಿಡಿದು ಊರೂರಿಗೆ ಹೋದರು. ಸುಮಾರು 97 ಲಕ್ಷ ಜನ ಉತ್ತರ ಕೊಟ್ಟರು. ಮೊದಲ ಸ್ಥಾನ ಒಳ್ಳೆಯ ಶಿಕ್ಷಣಕ್ಕೆ. ಆಮೇಲೆ ಆರೋಗ್ಯ, ಉದ್ಯೋಗ. 16ನೆಯದು, ಅಂದ್ರೆ ಕೊಟ್ಟಕೊನೆಯದು, ಹವಾಮಾನ ಬದಲಾವಣೆ ವಿರುದ್ಧದ ಕ್ರಮ.

ಇದನ್ನು ಓದಿದಾಗ ನನಗೆ ಪಾವಗಡವೇ ಕಣ್ಮುಂದೆ ಬಂತು. ಅಲ್ಲಿ ‘ಹವಾಮಾನ ಬದಲಾವಣೆ’ ಅಂತ ಒಬ್ಬರ ಬಾಯಲ್ಲೂ ನಾನು ಕೇಳಲಿಲ್ಲ. ಆದರೆ ಮಳೆಯ ಮಾತಿಲ್ಲದೆ ಒಂದು ಮನೆಯಿಂದಲೂ ಎದ್ದು ಬರಲಿಲ್ಲ. ಮೊದಲೆಲ್ಲ ಯಾವ ಮಳೆಗೆ ಬಿತ್ತನೆ, ಈಗ ಹೇಗೆ ಆ ಲೆಕ್ಕ ತಪ್ಪಿದೆ, ಶೇಂಗಾ ಹಾಕಿದ ದುಡ್ಡೂ ಯಾಕೆ ವಾಪಸ್ ಬರಲಿಲ್ಲ – ಎಲ್ಲ ಹೇಳೋರು. ಪಟ್ಟಿಯಲ್ಲಿ ‘ಮಳೆ’ ಅಂತ ಇದ್ದಿದ್ದರೆ ಮೊದಲ ಸ್ಥಾನ ಅದಕ್ಕೇ ಸಿಗುತ್ತಿತ್ತೋ ಏನೋ. ಇದ್ದದ್ದು ‘ಪರಿಸರ’. ಅದನ್ನು ಆರಿಸಿದವರು ಬೆರಳೆಣಿಕೆಯಷ್ಟು ಜನ.

ಇನ್ನು ಎರಡನೇ ಪ್ರಶ್ನೆಗೆ ಬರ್ತೀನಿ.

ಇಂಥ ಸರ್ವೆಗಳಲ್ಲಿ ಎದುರಿಗೆ ಸಿಕ್ಕವರನ್ನು ಕೇಳುವ ಹಾಗಿಲ್ಲ. ಮನೆಯಲ್ಲಿರುವ 18 ದಾಟಿದವರ ಹೆಸರೆಲ್ಲ ಟ್ಯಾಬ್‌ಗೆ ಹಾಕಬೇಕು, ಅದೇ ಒಬ್ಬರನ್ನು ಆರಿಸುತ್ತೆ. ಯಾಕಂದ್ರೆ ಎದುರಿಗೆ ಸಿಗೋರನ್ನೇ ಕೇಳುತ್ತಾ ಹೋದರೆ ಬರೀ ಜಗಲಿ ಮೇಲಿನ ಗಂಡಸರ ಅಭಿಪ್ರಾಯ ಬರುತ್ತೆ. ಒಂದು ಮನೆಯಲ್ಲಿ ಟ್ಯಾಬ್ ಆರಿಸಿದ್ದು ಆ ಮನೆಯ ಸೊಸೆಯನ್ನ.

‘ಅವ್ಳಿಗೇನು ಗೊತ್ತಾಯ್ತದಮ್ಮ? ನನ್ನನ್ನೇ ಕೇಳು’ ಅಂದರು ಮಾವ. ಒಳಗಿಂದ ಆಕೆಯೂ ‘ಹೂಂ ಮೇಡಂ, ನಮ್ಮ ಮಾವನ್ನೇ ಕೇಳಿ’ ಅಂದರು. ನಾನು ‘ಇಲ್ಲ ತಾತ, ಈ ಮಿಷಿನ್ನು ಬೇರೆಯವರ ಉತ್ತರ ತಗೊಳ್ಳಲ್ಲ’ ಅಂದೆ. ಕೊಂಚ ಹೊತ್ತು ಗೊಣಗಿದ ಮಾವ ದನಕ್ಕೆ ನೀರು ತೋರಿಸಲು ಹೋದರು. ನಾನು ಅಡುಗೆಮನೆ ಬಾಗಿಲಲ್ಲಿ ಕೂತೆ. ಆಕೆ ಕೆಲಸ ನಿಲ್ಲಿಸಲಿಲ್ಲ, ಮುದ್ದೆಗೆ ಎಸರಿಟ್ಟುಕೊಂಡೇ ಉತ್ತರ ಹೇಳುತ್ತಾ ಹೋದರು. ನೀರು, ಬಸ್ಸು, ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್. ಒಂದಕ್ಕೂ ತಡವರಿಸಲಿಲ್ಲ.

ಆಮೇಲೆ ನಾನು ಓದಿದೆ: ಭಾರತ ಸರ್ಕಾರ ಬೇರೆ ಬಡ ದೇಶಗಳಿಗೆ ಹಣಕಾಸಿನ ನೆರವು ನೀಡುವುದನ್ನು ನೀವು ಬೆಂಬಲಿಸುತ್ತೀರಾ, ವಿರೋಧಿಸುತ್ತೀರಾ?

‘ಎಷ್ಟು ಕೊಡ್ತಾರೆ?’ ಅಂತ ಕೇಳಿದರು.

ನಮಗೆ ತರಬೇತಿಯಲ್ಲಿ ಹೇಳಿದ್ದು ಒಂದೇ: ವಿವರಣೆ ಕೊಡಬಾರದು. ಅರ್ಥವಾಗದಿದ್ದರೆ ಪ್ರಶ್ನೆಯನ್ನೇ ಇನ್ನೊಮ್ಮೆ ಓದಬೇಕು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಹೇಳಿದರೆ ಉತ್ತರಗಳನ್ನು ಹೋಲಿಸೋಕೆ ಆಗಲ್ಲ. ಆ ನಿಯಮಕ್ಕೂ ಕಾರಣ ಇದೆ. ಹಾಗಾಗಿ ಇನ್ನೊಮ್ಮೆ ಓದಿದೆ.

ಆಕೆ ನಕ್ಕರು. ‘ನಮ್ಮನೇಲಿ ಪಕ್ಕದೋರು ಬಂದು ರಾಗಿ ಹಿಟ್ಟು ಕೇಳಿದ್ರೆ, ಒಂದು ಪಾವು ಅಂದ್ರೆ ಹಂಗೇ ಕೊಡ್ತೀನಿ. ಮೂಟೆ ಅಂದ್ರೆ ಮನೆಯೋರ್ನ ಕೇಳ್ಬೇಕು. ಎಷ್ಟು ಅಂತ ಹೇಳ್ದೆ ಕೇಳಿದ್ರೆ ಹೆಂಗೆ ಹೇಳೋದು ಮೇಡಂ? ಗೊತ್ತಿಲ್ಲ ಅಂತ ಬರ್ಕಳಿ.’

ಬರೆದುಕೊಂಡೆ. ಟ್ಯಾಬ್‌ನಲ್ಲಿ ‘ಗೊತ್ತಿಲ್ಲ / ಹೇಳಲಾರೆ’ ಅನ್ನೋದು ಒಂದೇ ಬಟನ್.

ಆಮೇಲೆ ಆಫೀಸಿನಲ್ಲಿ ಇಂಥ ಉತ್ತರಗಳಿಗೆ ಏನಾಗುತ್ತೆ ಅನ್ನೋದೂ ಗೊತ್ತಾಯಿತು. ಎಷ್ಟೋ ಚಾರ್ಟ್‌ಗಳಲ್ಲಿ ‘ಗೊತ್ತಿಲ್ಲ’ ಅಂದವರನ್ನು ಬಿಟ್ಟು ಉಳಿದವರನ್ನೇ ನೂರು ಅಂತ ಲೆಕ್ಕ ಹಾಕುತ್ತಾರೆ. ಅದರಲ್ಲಿ ಹೆಂಗಸರು ಜಾಸ್ತಿ ಅನ್ನೋದು ಆ ಎರಡು ತಿಂಗಳಲ್ಲಿ ನಾನೇ ಕಂಡಿದ್ದು. ಅಲ್ಲಿಗೆ, ನಾನು ಕೇಳಿದ ಎಲ್ಲರಲ್ಲಿ ತೂಕ ಇಟ್ಟು ಯೋಚಿಸಿದ ಹೆಣ್ಣುಮಗಳು ಅಭಿಪ್ರಾಯವೇ ಇಲ್ಲದವರ ಜೊತೆ ಸೇರಿ ಚಾರ್ಟಿನಿಂದ ಆಚೆ ಹೋದರು.

ಆಕೆ ಕೇಳಿದ ‘ಎಷ್ಟು?’ ಅನ್ನೋದನ್ನೇ ಅಮೆರಿಕದಲ್ಲಿ ಸಂಶೋಧಕರು ಜನರಿಗೆ ತಿರುಗಿಸಿ ಕೇಳಿದ್ದಾರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೊತೆ ನಂಟಿದ್ದ ತಂಡವೊಂದು 2010ರಲ್ಲಿ ಕೇಳಿತು: ನಿಮ್ಮ ಸರ್ಕಾರದ ಬಜೆಟ್‌ನಲ್ಲಿ ಶೇಕಡ ಎಷ್ಟು ವಿದೇಶಿ ನೆರವಿಗೆ ಹೋಗುತ್ತೆ ಅಂತ ನಿಮ್ಮ ಅಂದಾಜು? ಉತ್ತರಗಳ ನಡುಮಧ್ಯದ್ದು ಶೇ. 25. ಹೋಗಲಿ, ಎಷ್ಟು ಕೊಟ್ಟರೆ ಸರಿ? ಶೇ. 10. ನಿಜವಾಗಿ ಕೊಡುತ್ತಿದ್ದದ್ದು ಶೇ. 1ರ ಆಸುಪಾಸು! ಅಂದ್ರೆ ‘ಜಾಸ್ತಿಯಾಯ್ತು, ಇಳಿಸಿ’ ಅನ್ನುತ್ತಿದ್ದ ಜನ ಒಪ್ಪಿದ್ದು, ಇದ್ದದ್ದರ ಹತ್ತು ಪಟ್ಟಿಗೆ. ಆಮೇಲೆ ಬೇರೆ ಸಂಸ್ಥೆಗಳು ಕೇಳಿದಾಗಲೂ ಜನರ ಅಂದಾಜು ಹೀಗೇ ಬೆಟ್ಟದಷ್ಟಿತ್ತು. ನಿಜವಾದ ಪ್ರಮಾಣ ತಿಳಿಸಿ ಮತ್ತೆ ಕೇಳಿದರೆ ‘ಜಾಸ್ತಿಯಾಯ್ತು’ ಅನ್ನುವವರ ಸಂಖ್ಯೆ ಚೆನ್ನಾಗೇ ಇಳಿಯಿತು.

ಇಷ್ಟಾದರೂ ಆ ತಪ್ಪು ಅಂದಾಜು ಹೋಗಲಿಲ್ಲ. 1961ರಿಂದ ಇದ್ದ ಯುಎಸ್‌ಏಡ್ ಸಂಸ್ಥೆಯನ್ನು ಅಲ್ಲಿನ ಸರ್ಕಾರ 2025ರಲ್ಲಿ ಮುಚ್ಚಿತು. ಕಾರಣಗಳು ಹಲವು ಇರಬಹುದು. ಆದರೆ ‘ನಮ್ಮ ದುಡ್ಡೆಲ್ಲ ಹೊರಗೆ ಹೋಗ್ತಿದೆ’ ಅನ್ನೋ ನಂಬಿಕೆ ಊರಲ್ಲೆಲ್ಲ ಇದ್ದಾಗ ಬಾಗಿಲು ಹಾಕೋದು ಸುಲಭ.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಎಳೆ ಇದೆ. ಅಪ್ಪ ಪ್ರೈಮರಿ ಶಾಲೆಯಲ್ಲಿದ್ದಾಗ ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡೋರಂತೆ. ಅಮೆರಿಕದ ‘ಕೇರ್’ ಸಂಸ್ಥೆ ಮೂಲಕ ಬರುತ್ತಿದ್ದ ಗೋಧಿ ಅದು, ಎಣ್ಣೆಯ ಡಬ್ಬವೂ ಅಲ್ಲಿಂದಲೇ. ಡಬ್ಬದ ಮೇಲೆ ಎರಡು ಕೈ ಕುಲುಕುವ ಚಿತ್ರ. ನಿಮ್ಮ ಅಪ್ಪ-ಅಮ್ಮನೋ ದೊಡ್ಡಪ್ಪನೋ ಅರವತ್ತು ದಾಟಿದ್ದರೆ ಒಮ್ಮೆ ಕೇಳಿ ನೋಡಿ, ಆ ಉಪ್ಪಿಟ್ಟಿನ ವಾಸನೆ ಸಮೇತ ಹೇಳ್ತಾರೆ.

ಅದೇ ಅಪ್ಪನಿಗೆ ಫೋನ್ ಮಾಡಿ, ‘ನಾವು ಬೇರೆ ದೇಶಕ್ಕೆ ಕೊಡಬೇಕಾ ಅಪ್ಪಾ?’ ಅಂದ್ರೆ, ‘ಮೊದ್ಲು ನಮ್ಮನೆ ನೋಡ್ಕೋಬೇಕಮ್ಮ’ ಅಂದರು. ಸರಿ, ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲೇ ಒಂದು ಸಣ್ಣ ಸರ್ವೆ ಮಾಡಿದೆ. ಕೇಂದ್ರ ಬಜೆಟ್ ನೂರು ರೂಪಾಯಿ ಅಂದುಕೊಳ್ಳಿ, ಅದರಲ್ಲಿ ಹೊರದೇಶಗಳ ನೆರವಿಗೆ ಎಷ್ಟು? ಚಿಕ್ಕಪ್ಪ ಹತ್ತು ರೂಪಾಯಿ ಅಂದರು. ಅತ್ತೆ ಐದು. ತಮ್ಮ ಇಪ್ಪತ್ತು ಅಂತ ಹಾಕಿ ಸಿಟ್ಟಿನ ಇಮೋಜಿ ಒತ್ತಿದ.

2025-26ರ ಲೆಕ್ಕ ಹಾಕಿದೆ. ಕೇಂದ್ರ ಬಜೆಟ್ 50 ಲಕ್ಷ ಕೋಟಿಗಿಂತ ಸ್ವಲ್ಪ ಜಾಸ್ತಿ. ವಿದೇಶಾಂಗ ಸಚಿವಾಲಯಕ್ಕೆ ಇಟ್ಟಿದ್ದು ಸುಮಾರು 20,500 ಕೋಟಿ. ಅಂದ್ರೆ ನೂರು ರೂಪಾಯಿಯಲ್ಲಿ 40 ಪೈಸೆ. ರಾಯಭಾರ ಕಚೇರಿ, ಪಾಸ್‌ಪೋರ್ಟ್ ಎಲ್ಲ ಅದರಲ್ಲೇ, ನೆರವು ಅದರಲ್ಲಿ ಒಂದು ಪಾಲು ಮಾತ್ರ. ಎಲ್ಲರಿಗಿಂತ ಹೆಚ್ಚು ಪಡೆಯುವ ಭೂತಾನಿಗೆ 2,150 ಕೋಟಿ. ಅದು ನೂರು ರೂಪಾಯಿಯಲ್ಲಿ 4 ಪೈಸೆ. ಭೂತಾನಿನ ಜಲವಿದ್ಯುತ್ ಯೋಜನೆಗಳಿಗೆ ನಾವು ದುಡ್ಡು ಹಾಕಿದ್ದೀವಿ, ಅಲ್ಲಿನ ಕರೆಂಟನ್ನು ನಾವೇ ಕೊಂಡುಕೊಳ್ತೀವಿ ಅಂತಲೂ ಬರೆದೆ.

‘ಇಷ್ಟೇನಾ? ಹಂಗಾದ್ರೆ ಕೊಡ್ಲಿ ಬಿಡು’ ಅಂದರು ಅತ್ತೆ. ತಮ್ಮ ಸುಮ್ಮನಾದ. ಅಪ್ಪ ಮಾತ್ರ ಬಿಡಲಿಲ್ಲ: ‘ಪೈಸೆ ಲೆಕ್ಕ ಹೇಳಿ ಸಣ್ಣದು ಮಾಡ್ಬೇಡ. ಎರಡು ಸಾವಿರ ಕೋಟಿ ಅಂದ್ರೆ ಎಷ್ಟು ಊರಿಗೆ ನೀರು ಬರುತ್ತೆ ಗೊತ್ತಾ?’

ಅಪ್ಪನ ಮಾತೂ ಸರಿಯೇ. ಅದೇ ಮೊತ್ತವನ್ನು ಪೈಸೆಯಲ್ಲಿ ಹೇಳಿದರೆ ಒಂದು ಉತ್ತರ, ಕೋಟಿಯಲ್ಲಿ ಹೇಳಿದರೆ ಇನ್ನೊಂದು. ಎರಡೂ ಸುಳ್ಳಲ್ಲ. ಎರಡನ್ನೂ ಮುಂದಿಟ್ಟ ಮೇಲೆ ಅಪ್ಪ ‘ಬೇಡ’ ಅಂದರೆ ಅದು ಅವರ ಅಭಿಪ್ರಾಯ, ನಾನು ಗೌರವಿಸ್ತೀನಿ. ಒಂದನ್ನೂ ಹೇಳದೆ ‘ಬೇಕಾ ಬೇಡವಾ’ ಅಂತ ಕೇಳಿ ಪಡೆದದ್ದನ್ನು ಜನಾಭಿಪ್ರಾಯ ಅಂತ ಕರೆಯೋಕೆ ನನಗೆ ಈಗ ಮನಸ್ಸು ಬರಲ್ಲ.

ನೆರವು ಅಂದ್ರೆ ಯಾರೋ ಬಡವರಿಗೆ ಹೋಗೋದು ಅಂತಲೂ ಅಂದ್ಕೋಬೇಡಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಕಾವೇರಿ ಐದನೇ ಹಂತಕ್ಕೆ ಸಾಲ ಕೊಟ್ಟಿದ್ದು ಜಪಾನಿನ ಜೈಕಾ. ಕಡಿಮೆ ಬಡ್ಡಿಯ ಅಂಥ ಸಾಲವನ್ನೂ ಕೊಡುವ ದೇಶಗಳು ನೆರವಿನ ಲೆಕ್ಕದಲ್ಲೇ ತೋರಿಸುತ್ತವೆ. ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರುವ ನೀರನ್ನು ಜಪಾನಿನ ಒಬ್ಬ ಅಜ್ಜಿಯ ಮುಂದೆ ಟ್ಯಾಬ್ ಹಿಡಿದು ‘ಭಾರತಕ್ಕೆ ಕೊಡಬೇಕಾ, ಬೇಡವಾ?’ ಅಂತ ಕೇಳಿದ್ದರೆ ಆಕೆ ಏನು ಹೇಳುತ್ತಿದ್ದಳೋ! ಆಕೆಯೂ ‘ಎಷ್ಟು? ಯಾತಕ್ಕೆ?’ ಅಂತ ಕೇಳಲಿ ಅಂತಲೇ ನನ್ನ ಆಸೆ.

ಹಾಗಂತ ಸರ್ವೆಗಳೇ ಬೇಡ ಅನ್ನಲ್ಲ. ಅವು ಇಲ್ಲದಿದ್ದರೆ ಪಾವಗಡದ ಅಡುಗೆಮನೆಯವರೆಗೆ ಹೋಗಿ ‘ದೇಶಕ್ಕೆ ಏನು ಬೇಕು?’ ಅಂತ ಕೇಳುವವರೇ ಇರಲ್ಲ. ಆದರೆ ಮುಂದಿನ ಸಲ ಇಂಥದ್ದೊಂದು ಚಾರ್ಟ್ ಫೋನಿಗೆ ಬಂದಾಗ, ಫಾರ್ವರ್ಡ್ ಮಾಡುವ ಮುಂಚೆ ಮೂರು ವಿಷಯ ನೋಡಿ. ಕೇಳಿದ ಪ್ರಶ್ನೆಯ ಪೂರ್ತಿ ವಾಕ್ಯ ಏನು? ಯಾರನ್ನು ಆರಿಸಿದರು, ಹೇಗೆ ಆರಿಸಿದರು? ‘ಗೊತ್ತಿಲ್ಲ’ ಅಂದವರು ಎಷ್ಟು ಜನ, ಅವರು ಎಲ್ಲಿ ಹೋದರು? ಈ ಮೂರೂ ಕೊಡದ ಚಾರ್ಟು ಎಷ್ಟು ಚೆಂದ ಇದ್ದರೂ ಪಕ್ಕಕ್ಕಿಡಿ. ಚಾರ್ಟ್ ಮಾಡಿ ಸಂಬಳ ತಗೊಳ್ಳೋಳೇ ಹೇಳ್ತಿದ್ದೀನಿ, ನಂಬಿ.

ನಿಮ್ಮ ಮನೆಗೇ ಯಾರಾದರೂ ಟ್ಯಾಬ್ ಹಿಡಿದು ಬಂದು, ಅದು ನಿಮ್ಮ ಅಮ್ಮನನ್ನೋ ಹೆಂಡತಿಯನ್ನೋ ಆರಿಸಿದರೆ, ‘ಅವರಿಗೇನು ಗೊತ್ತು’ ಅನ್ನದೆ ಆಚೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಬಂದ ಹುಡುಗಿ ಬಿಸಿಲಲ್ಲಿ ಹತ್ತಾರು ಮನೆ ಹತ್ತಿ ಇಳಿದಿರ್ತಾಳೆ, ಅವಳಿಗೂ ಅರ್ಧ ಲೋಟ ಕೊಡಿ.