ದ್ವೀಪದ ಬಾವಿಯ ನೀರು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇಂದು ಒಂದು ತಪ್ಪೊಪ್ಪಿಗೆ ಸಲ್ಲಿಸಬೇಕಾಗಿದೆ. ಅದು ಮೂವತ್ತೈದು ವರ್ಷಕ್ಕೂ ಹಳೆಯದು. ಅದನ್ನು ಹೊರಗೆ ತಂದದ್ದು ಮಾತ್ರ 2024ರ ಜನವರಿಯಲ್ಲಿ ನಾವು ಹೊರಟ ಮೂರು ದಿನಗಳ ಪ್ರವಾಸ.

1980ರ ದಶಕದ ಕೊನೆಯಲ್ಲಿ ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಏಳನೆಯ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದೆ. 'ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ' ಎಂದು ಬರೆಯಿಸಿ, ಆನೆಗೊಂದಿಯ ಬಳಿ ತುಂಗಭದ್ರೆಯ ನಡುವಿರುವ ನವಬೃಂದಾವನದ ಉದಾಹರಣೆ ಕೊಟ್ಟೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನೀವು ಸಮುದ್ರದಾಗಿನ ದ್ವೀಪ ನೋಡೀರಾ?" ಎಂದ. ನಾನು ಅಲ್ಲಿಯವರೆಗೆ ಸಮುದ್ರವನ್ನೇ ಕಂಡವನಲ್ಲ. ಆದರೆ ನಲವತ್ತು ಜೊತೆ ಕಣ್ಣುಗಳು ನನ್ನ ಮೇಲಿದ್ದವು. "ನೋಡಿದ್ದೇನೆ" ಎಂದುಬಿಟ್ಟೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಮತ್ತೆ ಕೇಳಿದ: "ನಮ್ಮ ಹೊಲಕ್ಕೆ ಬರೀ ಕಾಲುವೆ ನೀರು ಬಂದು ಸವಳಾಗೈತೆ. ಅಲ್ಲಿ ಸುತ್ತಾನೂ ಉಪ್ಪುನೀರೇ ಅಂದ್ರೆ ಅವರ ಬಾವಿ ನೀರು ಹೆಂಗಿರ್ತೈತೆ ಸಾರ್?" ಎಂಥ ಪ್ರಶ್ನೆ! ಅತಿಯಾಗಿ ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಉಪ್ಪು ನೆಲದ ಮೇಲೆ ಉಳಿಯುತ್ತದೆ. ಆ ಸಂಕಟವನ್ನು ಅವನು ತನ್ನ ಮನೆಯಲ್ಲೇ ಕಂಡಿದ್ದ. ನಾನೋ, ಕಂಡವನ ಗತ್ತಿನಲ್ಲಿ, "ಅಲ್ಲಿ ಬಾವಿ ತೋಡಿದರೂ ಉಪ್ಪೇ. ಕುಡಿಯುವ ನೀರು ದೋಣಿಯಲ್ಲಿ ಬರುತ್ತದೆ" ಎಂದೆ. ಹುಡುಗ ಅದನ್ನು ಬರೆದುಕೊಂಡ. ಆ ವರ್ಷವೇ ಶಾಲೆ ಬಿಟ್ಟು ತಂದೆಯ ಜೊತೆ ಹೊಲಕ್ಕೆ ಹೋದ.

ಕೆಲವು ವರ್ಷಗಳ ತರುವಾಯ ಲಕ್ಷದ್ವೀಪದ ಬಗ್ಗೆ ಓದುವಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. ಅವನ ಮನೆ ಹುಡುಕಿಕೊಂಡು ಹೋಗಿ ಹೇಳಬಹುದಿತ್ತು, ಹೋಗಲಿಲ್ಲ. ವರ್ಗಾವಣೆ, ಮನೆ, ಮಕ್ಕಳು ಎಂದು ನೆಪಗಳಿದ್ದವು. ನಿಜವಾದ ಕಾರಣ ನಾಚಿಕೆ.

2024ರ ಜನವರಿ 25ರ ರಾತ್ರಿ ಪಾರ್ವತಿನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ಪಾಠ ಓದುತ್ತಾ, "ತಾತಾ, ನೀನು ದ್ವೀಪ ನೋಡೀಯಾ?" ಎಂದಳು. ಅದೇ ಪ್ರಶ್ನೆ! ಈ ಸಲ "ಇಲ್ಲಮ್ಮಾ" ಎಂದೆ. ಮಗ ಮೊಬೈಲಿನಿಂದ ತಲೆ ಎತ್ತಿ, "ಮೂರು ದಿನ ರಜಾ ಐತಲ್ಲ ಅಪ್ಪಾಜಿ, ನಡೀರಿ ಹೋಗೋಣ" ಎಂದ. ಸೊಸೆ ಆಗಲೇ ಚೀಲ ತೆಗೆದಳು. ಧ್ವಜಾರೋಹಣ ತಪ್ಪಿಸಬಾರದೆಂಬುದೊಂದೇ ನನ್ನ ಷರತ್ತು. ಮರುದಿನ ಮೊಮ್ಮಗಳು ಶಾಲೆಯಿಂದ ಸಿಹಿ ಹಿಡಿದು ಬರುತ್ತಲೇ, ಕಟ್ಟಿಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟಿನೊಂದಿಗೆ ಕಾರು ಹತ್ತಿದೆವು.

ನನ್ನವಳಿಗೆ ಮಾತ್ರ ಮನಸ್ಸಿರಲಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 15ಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ಅವಳು ಮರೆತಿರಲಿಲ್ಲ. "ನೀವು ನೋಡಿ ಬರ್ರಿ, ನಾ ದಂಡೀಮ್ಯಾಲೆ ಕುಂದುರ್ತೀನಿ" ಎಂದು ಶಿವಮೊಗ್ಗದವರೆಗೂ ಹೇಳುತ್ತಲೇ ಬಂದಳು. ಸಂಜೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತಾಗ, ಕಾಡಿನಾಚೆ ಅಂಚಿನಲ್ಲಿ ಒಂದು ಹೊಳೆಯುವ ಗೆರೆ ಕಂಡಿತು. ಅದೇ ಸಮುದ್ರವೆಂದು ಪಕ್ಕದವರು ಹೇಳಿದರು. ಮಾತು ಹೊರಡಲಿಲ್ಲ.

ಮರುದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟೆವು. ದಂಡೆಯಿಂದ ಸುಮಾರು 6 ಕಿಲೋಮೀಟರು. ಎಲ್ಲರಿಗೂ ಜೀವರಕ್ಷಕ ಅಂಗಿ ತೊಡಿಸಿದರು. ಮೊಮ್ಮಗಳು ಅಜ್ಜಿಯ ಕೈ ಹಿಡಿದು ಎಳೆದಳು. ಇವಳು ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಸೆರಗಿನ ಗಂಟಿನಿಂದ ಒಂದು ರೂಪಾಯಿ ತೆಗೆದು, ತುಂಗಭದ್ರೆ ದಾಟುವಾಗ ಹಾಕುವಂತೆಯೇ ಸಮುದ್ರಕ್ಕೆ ಹಾಕಿ ದೋಣಿ ಹತ್ತಿದಳು.

ನಾನು ಬಣ್ಣಿಸಿದ್ದ ದ್ವೀಪಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ತೆಂಗಿನ ಮರಗಳೇನೋ ಇವೆ. ಆದರೆ ದಂಡೆಯ ತುಂಬ ಚಿಪ್ಪುಗಳು, ಅದರಾಚೆ ಉಳಿಯಿಂದ ಕಡಿದು ನಿಲ್ಲಿಸಿದಂತಿರುವ ಐದು ಮೂಲೆ, ಆರು ಮೂಲೆಗಳ ಕರಿಯ ಕಲ್ಲುಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾರಸ ಆರುತ್ತಾ ಕುಗ್ಗಿ ಹೀಗೆ ಕಂಬಕಂಬವಾಗಿ ಬಿರುಕುಬಿಟ್ಟಿತಂತೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟನೆಂಬುದು ಪ್ರತೀತಿ. "ನಮ್ಮ ಬಳ್ಳಾರಿ ಗುಡ್ಡ ಇದಕ್ಕಿಂತ ಹಳೇದಾ ತಾತಾ?" ಎಂದಳು ಮೊಮ್ಮಗಳು. ಬಹಳ ಹಳೆಯದು, ನಮ್ಮ ಬಂಡೆಗೆ 200 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು ಎಂದಾಗ ಅವಳಿಗೆ ಊರಿನ ಮೇಲೆ ಅಭಿಮಾನ ಉಕ್ಕಿತು.

ಆ ದ್ವೀಪದಲ್ಲಿ ಜನವಸತಿ ಇಲ್ಲ. ನನ್ನ ಹುಡುಗನ ಪ್ರಶ್ನೆಗೆ ಅಲ್ಲಿ ಉತ್ತರವೂ ಇರಲಿಲ್ಲ. ಅದು ಸಿಕ್ಕಿದ್ದು ಭಾನುವಾರ, ಹೊನ್ನಾವರದಲ್ಲಿ.

ಶರಾವತಿ ಕಡಲು ಸೇರುವಲ್ಲಿ ನದಿಯ ನಡುವೆ ಹಲವು ನಡುಗಡ್ಡೆಗಳಿವೆ. ಅಲ್ಲಿನವರು ಅವನ್ನು ಕುರ್ವೆ ಎನ್ನುತ್ತಾರೆ. ಮಾವಿನಕುರ್ವದಂಥ ಊರ ಹೆಸರಿನಲ್ಲೇ ಆ ಪದವಿದೆ. ಉಡುಪಿಯ ಕಡೆ ಅದೇ 'ಕುದ್ರು'. ಒಂದು ಕುರ್ವೆಯ ದಂಡೆಗೆ ದೋಣಿ ತಾಗಿದಾಗ ನನಗೆ ಬಾಯಾರಿಕೆಯಾಗಿತ್ತು. ಹತ್ತಿರದ ಮನೆಯ ವೃದ್ಧೆಯೊಬ್ಬರು ಬಾವಿಯಿಂದ ಸೇದಿ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಕುಡಿದೆ. ಸಿಹಿನೀರು! "ಬೇಸಿಗೆಗೆ ಸ್ವಲ್ಪ ಉಪ್ಪಾಗ್ತದೆ, ಮಳೆ ಬಿದ್ರೆ ಮತ್ತೆ ಸರಿ" ಎಂದರು ಆಕೆ, ಅದೇನು ದೊಡ್ಡ ವಿಷಯವೆಂಬಂತೆ. "ಉಪ್ಪು ಯಾಕಿಲ್ಲ ತಾತಾ?" ಎಂದಳು ಮೊಮ್ಮಗಳು. ತಂಬಿಗೆ ಹಿಡಿದ ನನ್ನ ಕೈ ಸಣ್ಣಗೆ ನಡುಗಿತು.

ಮರಳುವಾಗ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿಯ ದಾರಿ ಹಿಡಿದೆವು. 2010ರಲ್ಲಿ ದೊಡ್ಡ ಸುದ್ದಿಯಾದ ಬೇಲೆಕೇರಿ ಬಂದರಿಗೆ ನಮ್ಮ ಜಿಲ್ಲೆಯ ಅದಿರು ಲಾರಿಗಟ್ಟಲೆ ಸಾಗಿದ್ದು ಈ ದಾರಿಯಲ್ಲೇ. ನಮ್ಮ ಸೀಮೆಯ ಕೆಂಪು ಮಣ್ಣು ನನಗಿಂತ ಮೊದಲೇ ಕಡಲು ಕಂಡಿತ್ತು. ಅರಬೈಲು ಘಟ್ಟ ಏರುವಾಗ ಮನೆಯವರಿಗೆಲ್ಲ ಆ ಹಳೆಯ ಸುಳ್ಳಿನ ಕಥೆ ಹೇಳಿದೆ. ಮಗ ನಕ್ಕು, "ನನಗೂ ನೀವು ಹಂಗೇ ಹೇಳಿಕೊಟ್ಟಿದ್ರಿ ಅಪ್ಪಾಜಿ" ಎಂದ. ನನ್ನವಳು ನಗಲಿಲ್ಲ. "ಆ ಹುಡುಗನಿಗೆ ಹೇಳ್ರಿ" ಎಂದಳು.

ಅವನು ಈಗ ಐವತ್ತರ ಆಸುಪಾಸಿನ ಗೃಹಸ್ಥ. ಎಲ್ಲಿದ್ದಾನೋ ಅರಿಯೆ. ಅವನ ಜೊತೆ ಓದಿದವರು ಯಾರಾದರೂ ಇದನ್ನು ನೋಡಿದರೆ ದಯವಿಟ್ಟು ತಲುಪಿಸಿ. ಅಪ್ಪಾ, ದ್ವೀಪದ ಬಾವಿಯಲ್ಲಿ ಸಿಹಿನೀರು ಇರಬಲ್ಲದು. ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗಿಳಿಯುತ್ತದೆ. ಅದು ಸಮುದ್ರದ ನೀರಿಗಿಂತ ನಲವತ್ತರಲ್ಲಿ ಒಂದು ಪಾಲಿನಷ್ಟು ಹಗುರ. ಆದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿಯಷ್ಟು ಇರುತ್ತದೆಂದು ಲೆಕ್ಕ. ಲಕ್ಷದ್ವೀಪದ ಜನ ಹೀಗೆಯೇ ತಲೆತಲಾಂತರದಿಂದ ಬಾವಿಯ ನೀರು ಕುಡಿದು ಬದುಕಿದ್ದಾರೆ. ಆದರೆ ಆಸೆಬಿದ್ದು ಪಂಪು ಹಚ್ಚಿ ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಅಲ್ಲಿ ಅತಿಯಾಗಿ ಎತ್ತಿದರೆ ಉಪ್ಪು, ನಿಮ್ಮ ಹೊಲದಲ್ಲಿ ಅತಿಯಾಗಿ ಹಾಯಿಸಿದರೆ ಉಪ್ಪು.

ನಾನು ಅಂದು ದ್ವೀಪ ನೋಡಿರಲಿಲ್ಲ. ಈಗ ನೋಡಿದ್ದೇನೆ. ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ನೋಟುಬುಕ್ಕು ಇನ್ನೂ ಉಳಿದಿದ್ದರೆ ತಿದ್ದಿಕೋ.